ಒಂಬತ್ತರೊಳಗೆ ಪ್ರಕೃತಿ ಫ್ರೀ

2024ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಮರ ತಬ್ಬಿಕೊಳ್ಳುವುದಕ್ಕೆ ತಲೆಗೆ 1,500 ರೂಪಾಯಿ ಅಂತ ಜಾಹೀರಾತು ಬಂದಾಗ ಊರೆಲ್ಲ ನಕ್ಕಿತು. ಜಯನಗರ ಮಾತ್ರ ನಗಲಿಲ್ಲ, ಲೆಕ್ಕ ಹಾಕಿತು. ಲಾಲ್‌ಬಾಗ್‌ನಲ್ಲಿ ಬೆಳಗಿನ ವಾಕಿಂಗ್ ಹೊತ್ತಿಗೆ ಪ್ರವೇಶ ಉಚಿತ, ಒಂಬತ್ತಾದ ಮೇಲೆ ಟಿಕೆಟ್. ಅಂದರೆ ಅಷ್ಟರೊಳಗೆ ಎಷ್ಟು ಮರ ಬೇಕಾದರೂ ತಬ್ಬಿಕೊಳ್ಳಬಹುದು, ಬಿಡಿಗಾಸು ಖರ್ಚಿಲ್ಲ. ದಕ್ಷಿಣ ಬೆಂಗಳೂರಿನವನಿಗೆ ನಿಸರ್ಗಪ್ರೇಮ ಎಷ್ಟೇ ಉಕ್ಕಲಿ, ಚಿಲ್ಲರೆ ಎಣಿಸುವುದನ್ನು ಮರೆಯುವುದಿಲ್ಲ.

ಆ ಜಾಹೀರಾತಿನ ಹಿಂದಿದ್ದ, ಕಾಡಿನಲ್ಲಿ ಸುಮ್ಮನೆ ಅಡ್ಡಾಡಿ ಗಾಳಿ ಕುಡಿಯುವ ‘ಶಿನ್ರಿನ್ ಯೋಕು’ವನ್ನು ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ಜನರ ಮುಂದಿಟ್ಟಿತು. ಅಲ್ಲಿ ದೇಶದ ಮೂರರಲ್ಲಿ ಎರಡು ಪಾಲು ನೆಲ ಕಾಡು. ಇಲ್ಲಿ ಕಾಡು ಆಮೇಲೆ, ಮೊದಲು ಪಾರ್ಕಿಂಗ್ ಸಿಗಬೇಕು. ಎರಡು ಕಿಲೋಮೀಟರು ನಡೆಯುವುದಕ್ಕೆ ನಾಲ್ಕು ಕಿಲೋಮೀಟರು ಕಾರಿನಲ್ಲಿ ಬಂದು, ಲಾಲ್‌ಬಾಗ್‌ನ ಸಿದ್ದಾಪುರ ಗೇಟಿನ ಆಸುಪಾಸು ಗಿರಕಿ ಹೊಡೆದು, ಕೊನೆಗೆ ಯಾರದೋ ಮನೆ ಬಾಗಿಲಿಗೆ ಅಡ್ಡ ನಿಲ್ಲಿಸಿ ಒಳಗೆ ಹೋದವರು ‘ಆಹಾ, ಏನು ಗಾಳಿ!’ ಅನ್ನುತ್ತಾರೆ.

ಒಳಗೊಂದು ಬಂಡೆಯಿದೆ. ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಫಲಕವೂ ಇದೆ. 300 ಕೋಟಿ ಅಂದ ಕೂಡಲೇ ‘ಯಾವ ಟೆಂಡರ್ರು?’ ಅಂತ ಕೇಳುವ ಊರಿದು, ಹಾಗಾಗಿ ಬಿಡಿಸಿ ಹೇಳುತ್ತೇನೆ: ಇದು ವರ್ಷದ ಲೆಕ್ಕ, ರೂಪಾಯಿಯದ್ದಲ್ಲ. ಈ ಗೊಂದಲ ಪಾಪ ನಕ್ಷೆ ಬರೆಯುವವರಿಗೂ ಆಗಿರಬೇಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ಕೊರೆಯುವ ಯೋಜನೆಯೊಳಗೆ ಲಾಲ್‌ಬಾಗ್‌ನ ಒಂದು ಅಂಚೂ ಬಂದು ಕೂತಿತು. ಜನ ಬೊಬ್ಬೆ ಹೊಡೆದರು. 2025ರ ಅಕ್ಟೋಬರಿನಲ್ಲಿ ಉಪಮುಖ್ಯಮಂತ್ರಿಗಳೇ ತೋಟಕ್ಕೆ ಬಂದು ವಾಕಿಂಗ್ ಮಾಡುತ್ತ ಅಹವಾಲು ಕೇಳಿದರು. ತಪ್ಪೆಲ್ಲ ಹೈದರ್ ಅಲಿಯದು. 1760ರಲ್ಲಿ ತೋಟ ಹಾಕಿಸಿದ ಮನುಷ್ಯ, ಸುರಂಗದಿಂದ ಕಾರು ಮೇಲೆ ಬರುವುದಕ್ಕೆ ಒಂದು ರ‍್ಯಾಂಪಿನ ಜಾಗ ಬಿಡಬಾರದಿತ್ತೇ?

ತಿಂಗಳ ಎರಡನೇ ಭಾನುವಾರ ಇಲ್ಲಿ ಹಕ್ಕಿ ನೋಡುವವರು ಸೇರುತ್ತಾರೆ, ಎಷ್ಟೋ ದಶಕಗಳಿಂದ. ಅವರ ಮೇಲೆ ನನ್ನದೇನೂ ತಕರಾರಿಲ್ಲ. ತೋಟದಲ್ಲಿ ಸೈಟಿನ ರೇಟು ಮಾತಾಡದೆ ನಡೆಯುವ ಗುಂಪು ಅದೊಂದೇ.

ಬಡಾವಣೆಯ ಪಾರ್ಕುಗಳ ಶಿಸ್ತು ಇನ್ನೂ ಬಿಗಿ. ಸುತ್ತ ಕಬ್ಬಿಣದ ಬೇಲಿ, ಅದರೊಳಗೆ ಸಿಮೆಂಟ್ ಇಟ್ಟಿಗೆ ಹಾಸಿದ ದಾರಿ, ನಡುವೆ ಮುಟ್ಟಬಾರದ ಹುಲ್ಲು. ಬೋರ್ಡು: ಆಟ ಆಡಬೇಡಿ, ಮಲಗಬೇಡಿ, ತಿಂಡಿ ತರಬೇಡಿ, ನಾಯಿ ತರಬೇಡಿ, ಹೂ ಕೀಳಬೇಡಿ. ಆ ಬೋರ್ಡಿನ ಬುಡದಲ್ಲೇ ಮಂಕಿ ಟೋಪಿ ಹಾಕಿದ ಹಿರಿಯರೊಬ್ಬರು ಕೊಕ್ಕೆ ಕೋಲಿನಿಂದ ಕಣಗಿಲೆ ಕೊಂಬೆ ಬಗ್ಗಿಸಿ, ಹಾಲಿನ ಖಾಲಿ ಕವರಿಗೆ ಒಂದೊಂದೇ ಹೂ ಇಳಿಸುತ್ತಿರುತ್ತಾರೆ. ಕೇಳಿದರೆ ‘ದೇವರಿಗೆ ಕಣಪ್ಪಾ’. ದೇವರ ಹೆಸರು ಬಂದ ಮೇಲೆ ಮಾಲಿ ಪೈಪು ಹಿಡಿದು ಆ ಕಡೆ ಹೋಗುತ್ತಾನೆ.

ಇಲ್ಲೇ ನಾಲ್ಕು ಸುತ್ತು ಹಾಕಿ ಆಮ್ಲಜನಕದ ಬಗ್ಗೆ ಭಾಷಣ ಬಿಗಿದವರು ಮನೆ ಮುಂದೆ ಬಂದು ತಲೆ ಎತ್ತುತ್ತಾರೆ. ಹೊಂಗೆ ಮರ. ಕಾರಿನ ಮೇಲೆಲ್ಲ ಹೂವು. ಕೂಡಲೇ ಪಾಲಿಕೆಗೆ ಫೋನು.

‘ನಮ್ಮನೆ ಮುಂದೆ ಒಂದು ಮರ ಇದೆ.’

‘ಒಣಗಿದೆಯಾ ಸಾರ್?’

‘ಇಲ್ಲ ಇಲ್ಲ, ಚೆನ್ನಾಗೇ ಇದೆ. ಅದೇ ತೊಂದರೆ.’

ನಮ್ಮ ಬೀದಿಗಳ ನೆರಳಿನಲ್ಲಿ ಒಂದು ದೊಡ್ಡ ಪಾಲು ಅರಣ್ಯಾಧಿಕಾರಿ ನೇಗಿನಹಾಳರ ಕಾಲದ್ದು. 1980ರ ದಶಕದಲ್ಲಿ ಅವರು ಊರಿನಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ಸಸಿಗೊಬ್ಬರಂತೆ ಎಲೆ ಗುಡಿಸುವವರನ್ನೂ ಕೊಟ್ಟಿದ್ದರೆ ನಮ್ಮವರು ಆ ಮರಗಳನ್ನು ಕ್ಷಮಿಸಿಬಿಡುತ್ತಿದ್ದರು.

ಜಯನಗರದ ನಂದಾ ರಸ್ತೆಯ ಮರಗಳನ್ನು 2009ರಲ್ಲಿ ಮೆಟ್ರೋಗಾಗಿ ಕಡಿದರು. ಪ್ರತಿಭಟನೆ ಆಯಿತು, ಕಂಬ ಎದ್ದಿತು, 2017ರಲ್ಲಿ ರೈಲು ಓಡಿತು. ಆ ದಾರಿಗೆ ಇಟ್ಟ ಹೆಸರು ಹಸಿರು ಮಾರ್ಗ. ಇಂಥ ವ್ಯಂಗ್ಯ ಅಂಕಣ ಬರೆಯುವವರ ಕೈಲಾಗುವುದಿಲ್ಲ, ಅದಕ್ಕೆ ಸರ್ಕಾರವೇ ಬೇಕು.

ನಿಸರ್ಗದ ಮಡಿಲಲ್ಲೇ ವಾಸ ಮಾಡಬೇಕೆಂಬ ಆಸೆಯನ್ನು ಚಾಚೂ ತಪ್ಪದೆ ಪಾಲಿಸಿದ್ದು ಜೆ.ಪಿ. ನಗರದ ಸಾರಕ್ಕಿಯಲ್ಲಿ. ಬೇರೆ ಕಡೆ ಬಿಲ್ಡರುಗಳು ‘ಲೇಕ್ ವ್ಯೂ’ ಅಂತ ಮಾರುತ್ತಾರೆ, ಇಲ್ಲಿ ಕೆರೆಯನ್ನೇ ಮಾರಿದರು. 2015ರ ಏಪ್ರಿಲಿನಲ್ಲಿ ಹೈಕೋರ್ಟ್ ಆದೇಶ ಹಿಡಿದು ಜೆಸಿಬಿಗಳು ಬಂದವು. ಮನೆಯವರು ಖಾತೆ, ಕಂದಾಯ ರಸೀದಿ ತೋರಿಸಿ ಅತ್ತರು. ಕಾಗದಪತ್ರ ಎಲ್ಲ ಅಚ್ಚುಕಟ್ಟಾಗಿತ್ತು, ಕೆರೆಯೊಂದು ಅಡ್ಡ ಬಂತು. ಖಾತೆ ಮಾಡಿಕೊಟ್ಟ ಪುಣ್ಯಾತ್ಮರು ಈಗ ಯಾವ ಕೆರೆಯ ಏರಿ ಮೇಲೆ ವಾಕಿಂಗ್ ಮಾಡುತ್ತಿದ್ದಾರೋ! ಸಾರಕ್ಕಿಯೂ ಈಗ ವಾಕಿಂಗ್ ತಾಣ. ಭಾನುವಾರ ಬಂದವರು ಮೀನಿಗೆ ಬ್ರೆಡ್ಡು ಎಸೆದು ಪುಣ್ಯ ಕಟ್ಟಿಕೊಳ್ಳುತ್ತಾರೆ, ಬ್ರೆಡ್ಡಿನ ಕವರು ನೀರಿಗೆ ಬೋನಸ್ಸು.

ಇನ್ನು ನಿಜವಾದ ಕಾಡು ಅಂತ ಉಳಿದಿರುವುದು ಕನಕಪುರ ರಸ್ತೆಯ ತುರಹಳ್ಳಿ. 2021ರ ಫೆಬ್ರವರಿಯಲ್ಲಿ ಅರಣ್ಯ ಇಲಾಖೆ ಅಲ್ಲೊಂದು ಟ್ರೀ ಪಾರ್ಕ್ ಮಾಡಲು ಹೊರಟಿತು. ಇರುವ ಕಾಡಿನೊಳಗೆ ಮರದ ಪಾರ್ಕು! ಸುತ್ತಲಿನವರು ಬೀದಿಗಿಳಿದು ‘ಕಾಡು ಕಾಡಾಗೇ ಇರಲಿ’ ಎಂದರು, ಇಲಾಖೆ ಹಿಂದೆ ಸರಿಯಿತು. ಇದೊಂದಕ್ಕೆ ನಾನು ಎದ್ದು ನಿಂತು ಕೈ ಮುಗಿಯುತ್ತೇನೆ. ಕೈ ಇಳಿಸುವಷ್ಟರಲ್ಲಿ 2022ರ ಡಿಸೆಂಬರ್ ಬಂತು, ತುರಹಳ್ಳಿ ಕಡೆ ಚಿರತೆ ಕಾಣಿಸಿತು. ಬಡಾವಣೆಯ ವಾಟ್ಸಾಪ್ ಗುಂಪುಗಳ ಬೇಡಿಕೆ ತಕ್ಷಣ ತಿರುಗಿತು: ಬೇಗ ಬೋನು ಇಡಿ, ಹಿಡಿದು ಕಾಡಿಗೆ ಬಿಡಿ. ಕಾಡಿನಿಂದ ಹಿಡಿದು ಕಾಡಿಗೆ ಬಿಡುವುದು ಹೇಗೆ ಅಂತ ಇಲಾಖೆಯವರು ತಲೆ ಕೆರೆದುಕೊಂಡಿರಬೇಕು. ನಮಗೆ ಬೇಕಾದದ್ದು ಬೆಟ್ಟ ಇರುವ, ನವಿಲು ಕೂಗುವ, ಚಿರತೆ ರಜೆ ಹಾಕಿರುವ ಕಾಡು.

ಮುಂದಿನ ವರ್ಷ ಇನ್ನೊಂದು ಚಿರತೆ ಬಿ.ಟಿ.ಎಂ. ಲೇಔಟಿಗೆ ಸ್ವಲ್ಪ ಆಚೆ, ಕೂಡ್ಲು ಗೇಟ್ ತನಕ ಬಂತು. ನಾವು ಭಾನುವಾರ ಕಾಡು ನೋಡಲು ಹೋಗುವಂತೆ ಅದೂ ಊರು ನೋಡಲು ಬಂದಿತ್ತೋ ಏನೋ. ಹಿಡಿಯುವ ಕಾರ್ಯಾಚರಣೆಯಲ್ಲಿ, 2023ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಸತ್ತಿತು. ಅದಕ್ಕೂ ಮೊದಲು ಅಪಾರ್ಟ್‌ಮೆಂಟೊಂದರಲ್ಲಿ ಅದು ಓಡಾಡಿದ ಸಿಸಿಟಿವಿ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಿತ್ತು. ರಿಜಿಸ್ಟರಿನಲ್ಲಿ ಹೆಸರು, ಫ್ಲ್ಯಾಟ್ ನಂಬರ್ ಬರೆಸದೆ ಅದನ್ನು ಒಳಗೆ ಬಿಟ್ಟದ್ದು ಯಾಕೆ ಅಂತ ಯಾವುದಾದರೂ ಸಂಘದ ಮೀಟಿಂಗಿನಲ್ಲಿ ಸೆಕ್ಯುರಿಟಿಯವನ ಸಂಬಳ ಹಿಡಿದಿದ್ದರೆ ನನಗೇನೂ ಆಶ್ಚರ್ಯವಿಲ್ಲ.