ಫೋರ್ಕಪ್ಪ

ಆಲಮಟ್ಟಿಯಲ್ಲಿ ಜಗಳಕ್ಕೂ ಮೀಟರಿನ ಲೆಕ್ಕವಿದೆ. ಕೃಷ್ಣೆಯ ಅಣೆಕಟ್ಟಿನಲ್ಲಿ 519.60 ಮೀಟರಿಗೆ ನಿಲ್ಲುವ ನೀರನ್ನು 524.256ಕ್ಕೆ ಏರಿಸಬೇಕೆಂದು ನಮ್ಮವರು, ಕೂಡದೆಂದು ನೆರೆರಾಜ್ಯದವರು. 2010ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ಏರಿಸಲು ಒಪ್ಪಿದರೂ ವಾದ ಮುಗಿದಿಲ್ಲ. ಚಹಾದ ಅಂಗಡಿಯ ಮುದುಕರಿಗೂ ಆ ದಶಾಂಶದ ಮೂರೂ ಅಂಕಿ ಬಾಯಿಪಾಠ. ಇಂಥ ಊರಲ್ಲಿ ಹುಟ್ಟಿದ ನಮ್ಮ ಫೋರ್ಕಪ್ಪ ಜಗಳಕ್ಕೆ ಆರಿಸಿಕೊಂಡ ವಸ್ತುವಿನ ಅಗಲ ಮಾತ್ರ ಸೊನ್ನೆ.

ಮನೆಯವರಿಟ್ಟ ಹೆಸರು ಬೇರೆ. ಹಗಲು ಬೆಂಗಳೂರಿನ ಕಂಪನಿಯ ಕೆಲಸ, ರಾತ್ರಿ ಮುಕ್ತ ತಂತ್ರಾಂಶದ ಸೇವೆ. ಮಾತು ತನ್ನ ಕಡೆ ವಾಲದಿದ್ದರೆ, "ಕೋಡ್ ಎಲ್ಲಾರದೂ ಐತಿ, ಫೋರ್ಕ್ ಮಾಡ್ತೀನಿ" ಅಂತಾನೆ. ಸಾರಿಗೆ ಉಪ್ಪು ಕಮ್ಮಿಯಾದರೂ ಬ್ಯಾರಿ ಆಗ್ತೀನಿ ಅನ್ನುವ ಕಿರಿಯ ತಮ್ಮನ ಹಾಗೆ. ಪುರಾಣವೂ ಸಿದ್ಧವಿದೆ. 2014ರಲ್ಲಿ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಾಂತ್ರಿಕ ಸಮಿತಿ ನಾಲ್ಕು-ನಾಲ್ಕಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಗಣಕವನ್ನು ಎಬ್ಬಿಸುವ ತಂತ್ರಾಂಶ ಸಿಸ್ಟಮ್‌ಡಿ ಗೆದ್ದದ್ದು, ಒಪ್ಪದವರು ಡೆವುವಾನ್ ಎಂಬ ಫೋರ್ಕ್ ಕಟ್ಟಿಕೊಂಡು ಹೊರಟದ್ದು. 2018ರ ಜುಲೈನಲ್ಲಿ ಪೈಥಾನ್ ಭಾಷೆಯ ಜನಕ ಗೈಡೋ ವಾನ್ ರಾಸಮ್ ಒಂದು ಚಿಹ್ನೆಯ ಜಗಳಕ್ಕೆ ಬೇಸತ್ತು ಗದ್ದುಗೆ ಬಿಟ್ಟದ್ದೂ ಗೊತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ತನ್ನ ಒರಟು ಮಾತಿಗೆ ಕ್ಷಮೆ ಕೇಳಿದ್ದು ಮಾತ್ರ ಯಾಕೋ ನೆನಪಿಗೆ ಬರುವುದಿಲ್ಲ.

ಎದುರಿಗೆ ಸಿಕ್ಕರೆ ಪರಮ ಸಾಧು. ನಿಡಗುಂದಿ ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟುಕೊಡುತ್ತಾನೆ. ಚಿಲ್ಲರೆ ಬದಲು ಚಾಕಲೇಟು ಕೊಟ್ಟರೆ, "ಇರಲಿ ಬಿಡ್ರಿ." ಕೀಲಿಮಣೆಯ ಮುಂದೆ ಕೂತನೋ, ಅಣೆಕಟ್ಟಿನ 26 ಗೇಟೂ ಒಟ್ಟಿಗೆ ತೆರೆದಂತೆ.

ಈ ಸಲದ ಜಗಳ ಅರ್ಕಾವೊತ್ತಿನದು. ಸೂರ್ಯನನ್ನು 'ಸೂರ್ಯ' ಎಂದೂ ಬರೆಯಬಹುದು, 'ಸೂರ‍್ಯ' ಎಂದೂ. ಎರಡನೆಯದರ ರ ಮತ್ತು ಹಲಂತದ ನಡುವೆ ಜೀರೋ ವಿಡ್ತ್ ಜಾಯ್ನರ್ ಎಂಬ ಕಾಣದ ಅಕ್ಷರವೊಂದು ಅಡಗಿರುತ್ತದೆ. ಹೀಗಾಗಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗುವುದುಂಟು. ಕಡತ ಉಳಿಸುವಾಗ ಆ ಕಾಣದ ಅಕ್ಷರವನ್ನು ತೆಗೆದೇಬಿಡೋಣ ಎಂದು ತಂಡದಲ್ಲಿದ್ದ ಮಂಗಳೂರಿನ ಹುಡುಗನೊಬ್ಬ ಸೂಚಿಸಿದ. ಫೋರ್ಕಪ್ಪ ತೋಳೇರಿಸಿದ. ಕೃಷ್ಣೆಯ ನೀರಿಗೆ ಕಾದಾಡುವ ವಕೀಲರೂ ಎದುರಾಳಿಯನ್ನು 'ವಿದ್ವಾಂಸ ಮಿತ್ರರು' ಎನ್ನುತ್ತಾರೆ. ಮಿತ್ರತ್ವ ಖರೆಯೇ ಎಂದು ಯಾರೂ ಕೇಳುವುದಿಲ್ಲ, ಕೆಲಸವಂತೂ ನಡೆಯುತ್ತದೆ. ಇವನಿಗೆ ಅಷ್ಟು ಸುಳ್ಳು ಹೇಳಲೂ ಮನಸ್ಸು ಬರಲಿಲ್ಲ.

ನಡುರಾತ್ರಿ ಟಪಟಪ ಸದ್ದಿಗೆ ಅವ್ವ ಎದ್ದು ಬಂದಳು.

"ಯಾರಿಗೋ ಬೈಯಾಕತ್ತೀ?"

"ಮಂಗಳೂರಿನಾವ ಒಬ್ಬಾಂವ ಅದಾನಬೇ."

"ಅವಂದೂ ನಮ್ದೂ ಹೊಲದ ಬದುವಿನ ತಕರಾರು ಐತೇನು?"

"ಇಲ್ಲ, ಒಂದ ಅಕ್ಷರದ್ದು."

"ಯಾವ ಅಕ್ಷರ? ತೋರಸು."

"ಅದು ಕಾಣಂಗಿಲ್ಲ."

ಅವ್ವ ಚಾಳೀಸು ಒರೆಸಿಕೊಂಡು ಪರದೆಯನ್ನು ಮತ್ತೊಮ್ಮೆ ನೋಡಿದಳು. "ಹಂಗಾರ ಬರದದ್ದರ ಓದು, ಕೇಳೂಣು."

ಓದತೊಡಗಿದ. 'ತಲೆಯಲ್ಲಿ ಮಣ್ಣು ತುಂಬಿದವರಿಗೂ' ಎಂಬಲ್ಲಿ ಗಂಟಲು ಕಟ್ಟಿತು, ಅಳಿಸಿದ. 'ನೀವು ಕನ್ನಡತಾಯಿಯ ಹಾಲು ಕುಡಿದವರೇ' ಎಂಬಲ್ಲಿ ಅವ್ವ, "ಅವರವ್ವನ ಸುದ್ದಿ ಯಾಕ ತಗೀತಿ?" ಎಂದಳು, ಅದೂ ಹೋಯಿತು. ನಾಲ್ಕು ಪುಟದಲ್ಲಿ ಉಳಿದದ್ದು ಒಂದೂವರೆ ಸಾಲು: ಪಠ್ಯ ಇದ್ದಂತೆ ಇರಲಿ, ಹುಡುಕುವಾಗ ಮಾತ್ರ ಆ ಅಕ್ಷರವನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಬೆಳಗಾಗುವಷ್ಟರಲ್ಲಿ ಉತ್ತರ ಬಂದಿತ್ತು: "ಇಷ್ಟೇಯಾ ಮಾರಾಯ್ರೆ? ಆಯ್ತು."

ಇಷ್ಟು ಸುಲಭಕ್ಕೆ ಒಪ್ಪಿಬಿಟ್ಟದ್ದೇ ಫೋರ್ಕಪ್ಪನಿಗೆ ಅವಮಾನ. ಸಾಲದ್ದಕ್ಕೆ ಹಿಂದಿನ ಸಂಜೆಯೇ ಫೋರ್ಕ್ ಘೋಷಿಸಿ ಆಗಿತ್ತು. ಆಡಿದ ಮಾತಿಗೆ ತಪ್ಪುವುದುಂಟೇ? ಹೊಸ ತಂಡ ಕಟ್ಟಿದ. ಸದಸ್ಯ ತಾನೊಬ್ಬನೇ. ಮೊದಲು ಬರೆದದ್ದು ಕೋಡ್ ಅಲ್ಲ, ಹದಿನಾಲ್ಕು ಕಲಮುಗಳ ನಡತೆ ಸಂಹಿತೆ. ಮೊದಲ ಕಲಮು: ಇಲ್ಲಿ ಯಾರೂ ಏರುದನಿಯಲ್ಲಿ ವಾದಿಸಕೂಡದು. ತಿಂಗಳಾನುಗಟ್ಟಲೆ ಅದನ್ನು ಯಾರೂ ಮುರಿಯಲಿಲ್ಲ.

ಮೊನ್ನೆ ಎರಡನೆಯ ಸದಸ್ಯ ಸೇರಿದ. ಸಿಂದಗಿ ಕಡೆಯ ಕಾಲೇಜು ಹುಡುಗ, ಬಲು ವಿನಯದವನು. ಸೇರಿದ ಗಳಿಗೆಗೇ ಕೇಳಿದ: "ಸರ್, ತಪ್ಪು ತಿಳೀಬ್ಯಾಡ್ರಿ. ಈ ಅರ್ಕಾವೊತ್ತು ಹಿಂಗ್ಯಾಕ ಇಟ್ಟೀರಿ?"