ಪುಕ್ಕಲಿಯ ಜಲಪಾತ ಯಾತ್ರೆ

ಧೈರ್ಯವಂತರ ಜೊತೆ ನೀರಿನ ಹತ್ತಿರ ಹೋಗಬಾರದು ಎನ್ನುವುದು ನನ್ನ ಬಹುಕಾಲದ ನಂಬಿಕೆ. ತೀರ್ಥಹಳ್ಳಿ ಕಡೆಯವಳಾದರೂ ಜೋಗ ನೋಡಿದ್ದು ಕಂಬಿಯ ಈಚೆ ನಿಂತು, ಅದೂ ಕಂಬಿಯಿಂದ ಎರಡು ಮಾರು ಹಿಂದೆ. ಇಂಥವಳನ್ನು ಮಗಳು ಅಳಿಯ ಸೇರಿ ಹವಾಯಿಯ ಕವಾಯಿ ದ್ವೀಪಕ್ಕೆ, ಅಲ್ಲಿನ ಹನಕಾಪಿಆಯಿ ಜಲಪಾತಕ್ಕೆ ಹೊರಡಿಸಿದರು. "ಬರೀ 300 ಅಡಿ ಅಮ್ಮ, ಜೋಗದ ಅರ್ಧವೂ ಇಲ್ಲ" ಎಂದಳು ಮಗಳು. ಅದರ ಬುಡಕ್ಕೆ ರಸ್ತೆಯೇ ಇಲ್ಲ, ಹೋಗಿ ಬರಲು 13 ಕಿಲೋಮೀಟರ್ ಕಾಡುದಾರಿ ನಡೆಯಬೇಕು ಎನ್ನುವುದನ್ನು ವಿಮಾನದ ಟಿಕೆಟ್ ಆದ ಮೇಲೆ ಹೇಳಿದಳು.

ಅಲ್ಲಿಗೆ ಮನಸ್ಸು ಬಂದಾಗ ಹೋಗುವ ಹಾಗೂ ಇಲ್ಲ. 2018ರ ಏಪ್ರಿಲ್‌ನಲ್ಲಿ ಆ ದ್ವೀಪದ ಉತ್ತರ ತೀರದ ವೈಪಾ ಎಂಬಲ್ಲಿ 24 ಗಂಟೆಯಲ್ಲಿ ಸುಮಾರು 50 ಅಂಗುಲ ಮಳೆ ಸುರಿಯಿತಂತೆ. ನಮ್ಮ ಆಗುಂಬೆಯವರೂ ಒಮ್ಮೆ ಕೊಡೆ ಮಡಿಸಿ ಕೈಮುಗಿಯಬೇಕಾದ ಲೆಕ್ಕ. ಗುಡ್ಡ ಜರಿದು, ರಸ್ತೆ ಕೊಚ್ಚಿ, ಜಲಪಾತದ ದಾರಿ ಶುರುವಾಗುವ ಹಾಏನಾ ಪಾರ್ಕಿಗೆ ಒಂದು ವರ್ಷದ ಮೇಲೆ ಬೀಗ. 2019ರ ಜೂನ್‌ನಲ್ಲಿ ಬಾಗಿಲು ತೆರೆಯುವಾಗ, ದಿನಕ್ಕೆ 900 ಜನ ಮಾತ್ರ, ಅದೂ ಮುಂಗಡ ಕಾಯ್ದಿರಿಸಿದವರಿಗೆ ಎಂದು ನಿಯಮ ಮಾಡಿದರು. 30 ದಿನ ಮೊದಲು ಅಲ್ಲಿನ ನಡುರಾತ್ರಿಗೆ ಬುಕಿಂಗ್ ಶುರು. ತತ್ಕಾಲ್ ಟಿಕೆಟ್ ತೆಗೆದು ಪಳಗಿದ ಅಳಿಯಂದಿರ ಕೈ ಕ್ಯಾಲಿಫೋರ್ನಿಯಾದಲ್ಲಿ ಕೂತು ಆ ಅಪರಾತ್ರಿಯಲ್ಲಿ ಕೆಲಸಕ್ಕೆ ಬಂತು.

ಕೇಏ ಕಡಲತೀರದಲ್ಲಿ ದಾರಿ ಶುರುವಾಗುತ್ತದೆ. ಶುರುವಿನಲ್ಲೇ ಬೂಟು ಉಜ್ಜುವ ಬ್ರಷ್. ಹೊರಗಿನ ಮಣ್ಣಿನ ಜೊತೆ ಬರುವ ಒಂದು ಶಿಲೀಂಧ್ರ ಅಲ್ಲಿನ ಓಹಿಯಾ ಮರಗಳನ್ನು ಸಾಯಿಸುತ್ತಿದೆ, ಅದಕ್ಕೆ ಈ ಮಡಿ. ನಮ್ಮ ಅಡಿಕೆ ತೋಟಕ್ಕೂ ಒಂದು ಇಂಥದ್ದು ಇಡಬೇಕಿತ್ತು ಎಂದು ನಮ್ಮ ಯಜಮಾನರು ಅಟ್ಟೆ ಉಜ್ಜಿದ್ದೇ ಉಜ್ಜಿದ್ದು. ಹಿಂದೆ ಸಾಲು ಬೆಳೆಯಿತು. ಯಾರೋ ಬಿಟ್ಟುಹೋದ ಬಿದಿರ ಕೋಲುಗಳು ಅಲ್ಲೇ ಬಿದ್ದಿದ್ದವು. ನಾನೊಂದು ಆರಿಸಿಕೊಂಡೆ. ಇವರೂ ಒಂದು ಹಿಡಿದು ಪೊದೆ ಪೊದೆಗೆ ಬಡಿಯತೊಡಗಿದರು.

"ಮಾವ, ಇಲ್ಲಿ ಹಾವಿಲ್ಲ" ಎಂದರು ಅಳಿಯ. ನಿಜವೇ. ಎರೆಹುಳದಂಥ ಒಂದು ಕುರುಡುಹಾವು ಬಿಟ್ಟರೆ ಆ ದ್ವೀಪಗಳ ನೆಲದಲ್ಲಿ ಹಾವಿನ ಸಂತತಿ ಇಲ್ಲ. ಇಂಬಳವೂ ಕಾಲಿಗೆ ಹತ್ತುವುದಿಲ್ಲ. ಹಾವೂ ಇಲ್ಲದ, ಇಂಬಳವೂ ಇಲ್ಲದ ಕಾಡನ್ನು ನಂಬುವುದು ಹೇಗೆ ಎಂದು ಇವರು ಬಡಿಯುವುದನ್ನು ಬಿಡಲಿಲ್ಲ. ಊರಿನವರೆಲ್ಲ ಬಿಟ್ಟುಹೋದಂತೆ ತಿರುಗುವ ಕೋಳಿಗಳು ಮಾತ್ರ ಎಲ್ಲೆಲ್ಲೂ ಇದ್ದವು. ನನ್ನ ಚೀಲದ ಚಿತ್ರಾನ್ನದ ವಾಸನೆ ಹಿಡಿದು ಒಂದು ಹುಂಜ ಬಹಳ ದೂರ ನಮ್ಮನ್ನು ಕಳಿಸಿಕೊಟ್ಟಿತು.

ಎರಡು ಮೈಲಿಗೆ ಹನಕಾಪಿಆಯಿ ಕಡಲತೀರ ಸಿಗುತ್ತದೆ. ಎಷ್ಟು ಚಂದವೋ ಅಷ್ಟೇ ಕೆಟ್ಟದ್ದು. ಸುಳಿ ಸೆಳೆತ ಜೋರು, ಕಾಯಲು ಜೀವರಕ್ಷಕರೂ ಇಲ್ಲ. ಅಲ್ಲಿದ್ದ ಒಂದು ಎಚ್ಚರಿಕೆ ಹಲಗೆಯ ಚಿತ್ರವನ್ನು ಹೊರಡುವ ಮೊದಲೇ ನೋಡಿದ್ದೆ: ಸತ್ತವರ ಲೆಕ್ಕಕ್ಕೆ ಒಂದೊಂದು ಗೆರೆ, ಐದಕ್ಕೊಂದು ಅಡ್ಡಗೆರೆ, ಥೇಟು ನಮ್ಮ ಅಡುಗೆಮನೆ ಗೋಡೆಯ ಹಾಲಿನ ಲೆಕ್ಕ. ಅದನ್ನು ಕಂಡ ಮೇಲೆ ಆ ಸಮುದ್ರಕ್ಕೆ ನನ್ನ ಹೆಬ್ಬೆರಳನ್ನೂ ತೋರಿಸಲಿಲ್ಲ.

ತೀರದ ಹತ್ತಿರ ಹೊಳೆ ದಾಟಿ ಕಣಿವೆಯೊಳಗೆ ಹೊಕ್ಕರೆ ಇನ್ನೆರಡು ಮೈಲಿ. ನನ್ನನ್ನು ಕೇಳಿದರೆ ಜಲಪಾತಕ್ಕಿಂತ ಈ ದಾರಿಯೇ ಸೊಗಸು. ಬಿದಿರ ಮೆಳೆ, ಸೀಬೆ ಗಿಡ, ಕೆಸರು, ಮತ್ತೆ ಕೆಸರು. ಪಾಚಿಗಟ್ಟಿದ ಕಲ್ಲಿನ ಕಟ್ಟೆಗಳು ಮೆಟ್ಟಿಲು ಮೆಟ್ಟಿಲಾಗಿ ಕಂಡವು. ಒಂದು ಕಾಲದಲ್ಲಿ ಅಲ್ಲಿನವರು ಕೆಸು ಬೆಳೆಯುತ್ತಿದ್ದ ಗದ್ದೆಗಳಂತೆ. ಇವರು ನಿಂತೇಬಿಟ್ಟರು. ಕೆಸುವಿನ ಗೆಡ್ಡೆಯೇ ಆ ಜನರ ಮೂಲ ಆಹಾರ; ಬೇಯಿಸಿ ಅರೆದು ಪೊಯಿ ಮಾಡುತ್ತಾರೆ, ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸುತ್ತಾರೆ. "ಪತ್ರೊಡೆ ಮಾಡೋದು ಗೊತ್ತಿದ್ಯನೇ ಇವರಿಗೆ?" ಎಂದು ಇವರಿಗೆ ಚಿಂತೆ. ಮುಂದೆ ಹಳೆಯ ಕಾಫಿ ಮಿಲ್ಲಿನ ಮುರುಕು ಚಿಮಣಿ ಕಂಡಾಗಲಂತೂ, ಕಾಫಿ ಇದೆ, ಕೆಸು ಇದೆ, ಮಳೆ ಇದೆ, ಇಷ್ಟು ದೂರ ಖರ್ಚು ಮಾಡಿ ಬಂದದ್ದು ಕೊಪ್ಪಕ್ಕೋ ಎಂದು ಲೆಕ್ಕ ಹಾಕಿದರು.

ಜಲಪಾತ ನಿಜಕ್ಕೂ ದೊಡ್ಡದು. ಕಪ್ಪು ಬಂಡೆಯ ಗೋಡೆಯಿಂದ ನೀರು ಸೀದಾ ಮಡುವಿಗೆ ಬೀಳುತ್ತದೆ. ಹುಡುಗ ಹುಡುಗಿಯರು ಚಳಿಗೆ ಕಿರುಚುತ್ತ ಧಾರೆಯ ಕೆಳಗೇ ಈಜುತ್ತಿದ್ದರು. ಮೇಲಿನಿಂದ ನೀರಿನ ಜೊತೆ ಕಲ್ಲೂ ಬರುತ್ತದೆ, ಅದು ಯಾರ ತಲೆ ಎಂದು ಕೇಳುವುದಿಲ್ಲ. ಪಕ್ಕದ ಓಆಹು ದ್ವೀಪದ ಸೇಕ್ರೆಡ್ ಫಾಲ್ಸ್‌ನಲ್ಲಿ 1999ರ ಮೇ ತಿಂಗಳಲ್ಲಿ ಹೀಗೇ ಗುಡ್ಡದ ಕಲ್ಲು ಬಿದ್ದು 8 ಜನ ಸತ್ತರು. ಆವತ್ತು ಮುಚ್ಚಿದ ಆ ಜಾಗವನ್ನು ಮತ್ತೆ ತೆರೆಯಲಿಲ್ಲ. ಸಾಲದ್ದಕ್ಕೆ ಅಲ್ಲಿನ ಹೊಳೆಗಳಲ್ಲಿ ಇಲಿಜ್ವರದ ರೋಗಾಣು ಇರುತ್ತದೆ. ಮೈಮೇಲೆ ಗಾಯ ಇದ್ದರೆ ನೀರಿಗಿಳಿಯಬೇಡಿ, ಹಾಗೇ ಕುಡಿಯಬೇಡಿ ಎನ್ನುತ್ತಾರೆ. ಇಲಿಜ್ವರ ಎಂದದ್ದೇ ತಡ, ಅಂಗಿ ಬಿಚ್ಚುತ್ತಿದ್ದ ಇವರು ಗುಂಡಿ ಹಾಕಿಕೊಂಡರು. ಮಲೆನಾಡಿನವರಿಗೆ ಅದರ ಹೆಸರೊಂದೇ ಸಾಕು.

ವಾಪಸು ಬರುವಾಗ ಕಡಲತೀರದ ಹೊಳೆ ನಮಗಾಗಿ ಕಾದಿತ್ತು. ತೀರದಲ್ಲಿ ಒಳ್ಳೆಯ ಬಿಸಿಲು. ಆದರೆ ಬೆಳಿಗ್ಗೆ ತಳದ ಕಲ್ಲು ಕಾಣುತ್ತಿದ್ದ ನೀರು ಕೆಂಪಾಗಿತ್ತು, ಮೇಲೆ ಹಸಿ ಎಲೆ, ಕಡ್ಡಿ ತೇಲುತ್ತಿದ್ದವು. ಮಳೆ ಇಲ್ಲಿ ಬರಬೇಕೆಂದಿಲ್ಲ, ಹಿಂದಿನ ಗುಡ್ಡದಲ್ಲಿ ಬಂದರೆ ಸಾಕು. ದ್ವೀಪದ ನಡುವಿನ ವೈಆಲೆಆಲೆ ಶಿಖರ ಲೋಕದ ಅತಿ ಹೆಚ್ಚು ಮಳೆಯ ಜಾಗಗಳಲ್ಲಿ ಒಂದು. ನಾನು ಬಿದಿರ ಕೋಲನ್ನು ನೀರಂಚಿಗೆ ಊರಿ ಕೂತೆ. ಸ್ವಲ್ಪ ಹೊತ್ತಿಗೆ ಕೋಲಿನ ಆಚೆ ಇದ್ದ ನೀರು ಗೇಣು ಈಚೆಗೆ ಬಂತು.

"ಮಾಲತಿ ಹೊಳೆಯನ್ನ ಆಷಾಢದಲ್ಲಿ ದಾಟಿದವ ನಾನು. ಇದೆಂಥ ಮಾರಾಯ್ತಿ, ಮೊಣಕಾಲಿಗೂ ಇಲ್ಲ" ಎಂದರು ಇವರು.

"ಆಗ ನಿಮಗೆ ಇಪ್ಪತ್ತು ವರ್ಷ. ಆಚೆ ದಡದಲ್ಲಿ ನಿಮ್ಮ ಮನೆ ಇತ್ತು. ಇಲ್ಲಿ ಆಚೆ ಇರೋದು ಕೋಳಿ ಮಾತ್ರ. ಸುಮ್ಮನೆ ಕೂತ್ಕೊಳ್ರಿ."

2014ರ ಫೆಬ್ರವರಿಯಲ್ಲಿ ಇದೇ ಹೊಳೆ ಉಕ್ಕಿ 121 ಜನ ಈಚೆ ಸಿಕ್ಕಿಹಾಕಿಕೊಂಡು, ಹೆಲಿಕಾಪ್ಟರಿನಲ್ಲಿ ಅವರನ್ನು ಎತ್ತಿಕೊಂಡು ಬರಬೇಕಾಯಿತು ಎಂದು ಅಳಿಯ ಹೆದರಿಸಿ ನೋಡಿದರು. ಇವರ ಕಣ್ಣು ಅರಳಿತು. "ಪುಕ್ಕಟೆಯೋ?" ಎಂದು ಕೇಳಿ, ಗಟ್ಟಿಯಾಗಿ ಚಕ್ಕಳಮಕ್ಕಳ ಹಾಕಿ ಕೂತರು.

ಇವರು ಕೂತದ್ದು ಕಂಡು ಹಿಂದಿನಿಂದ ಬಂದ ಒಬ್ಬೊಬ್ಬರೇ ಕೂತರು. ಹಗ್ಗ ಕಟ್ಟಿ ದಾಟಲು ಸಜ್ಜಾಗಿದ್ದ ಇಬ್ಬರು ಹುಡುಗರು ನನ್ನ ಕೋಲನ್ನೂ ನೀರನ್ನೂ ನೋಡಿ ಚೀಲ ಇಳಿಸಿದರು. ಕೂತ ಮೇಲೆ ಏನು ಮಾಡುವುದು? ಡಬ್ಬಿ ಬಿಚ್ಚಿದೆ. ಒಂದು ಹುಡುಗಿ ಒಗ್ಗರಣೆಯ ಕಡಲೆಬೀಜ ಹೆಕ್ಕಿ ಹೆಕ್ಕಿ ತಿಂದಳು. ಅವಳ ಗಂಡ ಒಣಮೆಣಸಿನಕಾಯಿ ಅಗಿದು, ಕಣ್ಣೀರಿಟ್ಟು, ಇನ್ನೊಂದು ಮುಷ್ಟಿ ಕೇಳಿದ. ಆ ಹೊಳೆಗಳು ಏರುವಷ್ಟೇ ಬೇಗ ಇಳಿಯುತ್ತವೆ. ಡಬ್ಬಿ ಖಾಲಿಯಾಗಿ ಬಹಳ ಹೊತ್ತೇನೂ ಆಗಿರಲಿಲ್ಲ, ಕೋಲು ಮತ್ತೆ ಒಣನೆಲದಲ್ಲಿತ್ತು. ಒಬ್ಬರ ಕೈ ಒಬ್ಬರು ಹಿಡಿದು ದಾಟಿದೆವು. ಹೆಲಿಕಾಪ್ಟರ್ ತಪ್ಪಿತಲ್ಲ ಎಂದು ಇವರೊಬ್ಬರೇ ಹಿಂದೆ ತಿರುಗಿ ತಿರುಗಿ ನೋಡಿದರು.

ಹೋಗುವ ಮನಸ್ಸಿದ್ದವರು ಬೆಳಗಿನ ಪರವಾನಗಿಯನ್ನೇ ಮಾಡಿಸಿ, ಅಟ್ಟೆ ಸವೆಯದ ಬೂಟು ಹಾಕಿ, ಬುತ್ತಿಯನ್ನು ನಾಲ್ಕು ಜನ ಇದ್ದರೆ ಎಂಟು ಜನರದ್ದು ಕಟ್ಟಿಕೊಳ್ಳಿ. ಕೇಏ ತೀರ ಬಿಟ್ಟ ಮೇಲೆ ಆ ದಾರಿಯಲ್ಲಿ ಫೋನು ಸಿಗುವುದಿಲ್ಲ, ಅಂಗಡಿಯಂತೂ ಒಂದೂ ಇಲ್ಲ.