ಅಂತರಿಕ್ಷ ಸೇನೆಗೆ ಎಷ್ಟು ಎಲೆ?

ಪ್ರಸ್ತುತ ಸಂಶೋಧಕನು ವೈಜ್ಞಾನಿಕ ಕಥಾಲೋಕದ ಶೂರಪಡೆಗಳನ್ನು ಹಲವು ವರ್ಷ ನಿದ್ದೆಗೆಟ್ಟು ಅಭ್ಯಾಸ ಮಾಡಿದ್ದಾನೆ. ಅವರ ಕವಚದ ದಪ್ಪ, ಬಂದೂಕಿನ ಬಾಯಿಯ ಅಳತೆ, ಹೆಗಲ ಮೇಲಿನ ಲಾಂಛನದ ಬಣ್ಣ ಎಲ್ಲವೂ ಆಕರಗಳಲ್ಲಿ ಧಾರಾಳವಾಗಿ ಸಿಕ್ಕುತ್ತವೆ. ಅಡುಗೆಮನೆ ಎಲ್ಲಿದೆ ಎಂದು ಕೇಳಿದರೆ ಮಾತ್ರ ಆಕರಗಳು ಆಕಾಶ ನೋಡುತ್ತವೆ. ಈ ಮೌನವನ್ನು ಮುರಿಯುವುದೇ ಪ್ರಬಂಧದ ಉದ್ದೇಶ. ವಿಧಾನದ ಬಗ್ಗೆ ಒಂದು ಮಾತು: ತುಕಡಿ, ದಳ, ಪಟಾಲಮು ಎಂಬ ಗೊಂದಲದ ಮಾನಗಳನ್ನು ಬಿಟ್ಟು, ನಮ್ಮ ಬೀದಿಯ ಮದುವೆ ಅಡುಗೆಯ ಭಟ್ಟರು ಬಳಸುವ ಮಾನವನ್ನೇ ಇಲ್ಲಿ ಅಂಗೀಕರಿಸಿದೆ. ಅದು ‘ಎಲೆ’. ಒಂದು ಬಾಯಿಗೆ ಒಂದು ಎಲೆ. ಆ ಬಾಯಿ ಶಿರಸ್ತ್ರಾಣದ ಒಳಗಿದ್ದರೂ ಸರಿಯೆ.

ಮೊದಲಿಗೆ ಸ್ಪೇಸ್ ಮರೀನರು. 1987ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಹೊರತಂದ ವಾರ್‌ಹ್ಯಾಮರ್ 40,000 ಆಟದ ವೀರರಿವರು. ಕೋಡೆಕ್ಸ್ ಅಸ್ಟಾರ್ಟೀಸ್ ಎಂಬ ಅವರ ಸ್ಮೃತಿಯ ಪ್ರಕಾರ ತಲಾ ನೂರು ಮಂದಿಯ ಹತ್ತು ಕಂಪನಿ ಸೇರಿದರೆ ಒಂದು ಚಾಪ್ಟರ್, ಅಂದರೆ 1,000 ಎಲೆ. ಮೊದಲ ಕಂಪನಿಯಲ್ಲಿ ನುರಿತ ಹಳಬರು, ಹತ್ತನೆಯದರಲ್ಲಿ ಕಲಿಯುವ ಹುಡುಗರು. ಹಿರಿಯರಿಗೆ ಮೊದಲ ಪಂಕ್ತಿ, ಬಡಿಸಿದ ಹುಡುಗರಿಗೆ ಕೊನೆಯ ಪಂಕ್ತಿ ಎಂಬ ನಮ್ಮ ಕ್ರಮ ನಕ್ಷತ್ರಗಳವರೆಗೂ ಹಬ್ಬಿರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ಚಾಪ್ಟರುಗಳು ಸುಮಾರು ಸಾವಿರ, ಕಾಯಬೇಕಾದ ಲೋಕಗಳು ಸುಮಾರು ಹತ್ತು ಲಕ್ಷ. ಲೋಕಕ್ಕೊಬ್ಬ! ಅವನಿಗೆ ನೆಗಡಿಯಾಗಿ ರಜೆ ಹಾಕಿದರೆ ಪಕ್ಕದ ಲೋಕದವನಿಗೆ ಹೆಚ್ಚುವರಿ ಪ್ರಭಾರ ವಹಿಸುತ್ತಾರೆಂದು ನಮ್ಮ ಊಹೆ.

ಈ ಸಾವಿರ ಎಲೆಯನ್ನು ತುಂಬಿಸುವ ಬಗೆಯೇ ಸೋಜಿಗದ್ದು. ಹಳೆಯ ಗ್ರಂಥಗಳ ಲೆಕ್ಕದಲ್ಲಿ ಒಬ್ಬ ವೀರನ ಮೈಯೊಳಗೆ 19 ಅಂಗಗಳನ್ನು ನೆಡುತ್ತಾರೆ. ಅದರಲ್ಲೊಂದು ಎರಡನೆಯ ಹೊಟ್ಟೆ. ವಿಷವಾಗಲಿ, ತಿನ್ನಬಾರದ್ದಾಗಲಿ, ಅದು ಅರಗಿಸುತ್ತದೆ. ಇನ್ನೊಂದು ಅಂಗದ ದೆಸೆಯಿಂದ, ಸತ್ತವನ ಮಾಂಸ ತಿಂದರೆ ಅವನ ನೆನಪುಗಳೂ ಇವನಿಗೆ ಬರುತ್ತವೆ. ಸರಬರಾಜು ಇಲಾಖೆ ಮಾಡಬೇಕಾದ ಕೆಲಸವನ್ನು ಶಸ್ತ್ರವೈದ್ಯರ ತಲೆಗೆ ಕಟ್ಟಿ ಸಾಮ್ರಾಜ್ಯ ಕೈತೊಳೆದುಕೊಂಡಿದೆ. ಅನ್ನ ಸುಧಾರಿಸಲಾಗದಿದ್ದರೆ ಹೊಟ್ಟೆಯನ್ನು ಸುಧಾರಿಸು ಎಂಬ ಈ ನೀತಿ ಹೊಸದೇನಲ್ಲ. ಐದು ವರ್ಷ ಹಾಸ್ಟೆಲಿನಲ್ಲಿ ಉಂಡ ಪ್ರಸ್ತುತ ಸಂಶೋಧಕನಿಗೆ ಆ ಎರಡನೆಯ ಹೊಟ್ಟೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಬೆಳೆದಿದೆ.

ಇನ್ನು ಖರೀದಿಯ ವಿಚಾರ. 2002ರ ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’ ಚಿತ್ರದಲ್ಲಿ ಕಮೀನೋ ಗ್ರಹದವರು ಎರಡು ಲಕ್ಷ ಘಟಕ (ಅಂದರೆ ತದ್ರೂಪಿ ಸೈನಿಕರು) ಸಿದ್ಧವಿದೆ, ಇನ್ನೂ ಹತ್ತು ಲಕ್ಷ ತಯಾರಾಗುತ್ತಿದೆ ಎನ್ನುತ್ತಾರೆ. ಒಟ್ಟು ಹನ್ನೆರಡು ಲಕ್ಷ ಎಲೆ. ಆರ್ಡರು ಕೊಟ್ಟವನೆನ್ನಲಾದ ಮಹಾಶಯ ಸತ್ತು ಹತ್ತಿರ ಹತ್ತಿರ ಹತ್ತು ವರ್ಷ. ಟೆಂಡರ್ ಇಲ್ಲ, ದರಪಟ್ಟಿ ಇಲ್ಲ, ಹಣ ಯಾವ ಲೆಕ್ಕಶೀರ್ಷಿಕೆಯಿಂದ ಹೋಯಿತೆಂದು ಕೇಳುವವರೂ ಇಲ್ಲ. ಜ್ಞಾನಿಗಳಾದ ಜೆಡೈಗಳು ಮಾಲು ಇಳಿಸಿಕೊಂಡು ನೇರ ಯುದ್ಧಕ್ಕೆ ಹೊರಟರು. ನಮ್ಮ ತಾಲ್ಲೂಕು ಕಚೇರಿಗೆ ಹತ್ತು ಪ್ಲಾಸ್ಟಿಕ್ ಕುರ್ಚಿ ಹೀಗೆ ಬಂದಿದ್ದರೆ ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುವುದರಲ್ಲೇ ಮೂವರು ಗುಮಾಸ್ತರು ನಿವೃತ್ತರಾಗುತ್ತಿದ್ದರು. ಒಂದು ದೃಶ್ಯದಲ್ಲಿ ಈ ಸೈನಿಕರು ಸಾಲಾಗಿ ಕೂತು ಉಣ್ಣುವುದುಂಟು. ಸಂಶೋಧಕನು ಎದ್ದು ಕೂತು ನೋಡಿದ. ಅಡುಗೆಮನೆಯ ಬಾಗಿಲನ್ನು ತೋರಿಸುವ ಮೊದಲೇ ಕ್ಯಾಮೆರಾ ಮುಂದೆ ಹೋಯಿತು.

ಅಡುಗೆಯವನು ಕೊನೆಗೂ ಸಿಕ್ಕಿದ್ದು ರಾಬರ್ಟ್ ಹೈನ್‌ಲೈನ್‌ನ ‘ಸ್ಟಾರ್‌ಶಿಪ್ ಟ್ರೂಪರ್ಸ್’ (1959) ಕಾದಂಬರಿಯಲ್ಲಿ. ಸಿಕ್ಕಿದ ಗಳಿಗೆಯಲ್ಲೇ ಕಳೆದೂ ಹೋದ. ಏಕೆಂದರೆ ಆ ಸೇನೆಯಲ್ಲಿ ಅಡುಗೆಯವ, ಪಾದ್ರಿ, ಗುಮಾಸ್ತ ಯಾರೇ ಆಗಲಿ ಕವಚ ತೊಟ್ಟು ಆಕಾಶದಿಂದ ಜಿಗಿದು ಕಾದಾಡಲೇಬೇಕು. ಕೂತುಣ್ಣುವವರಿಲ್ಲದ ಸೇನೆಯೆಂದು ಅಭಿಮಾನಿಗಳು ಇದನ್ನು ಕೊಂಡಾಡುತ್ತಾರೆ. ಸರಿ, ಒಲೆಯ ಮೇಲಿಟ್ಟ ಸಾರನ್ನು ಯಾರು ನೋಡಿಕೊಳ್ಳುತ್ತಾರೆ?

ಸಾಗಣೆಯ ಖರ್ಚನ್ನು ಮುಚ್ಚಿಡದೆ ಹೇಳಿದ ಪ್ರಾಮಾಣಿಕನೆಂದರೆ ಫ್ರಾಂಕ್ ಹರ್ಬರ್ಟ್. ‘ಡ್ಯೂನ್’ (1965) ಕಾದಂಬರಿಯಲ್ಲಿ ಚಕ್ರವರ್ತಿಯ ಸಾರ್ದೌಕರ್ ಪಡೆ ಎಷ್ಟೇ ಭಯಂಕರವಾಗಿರಲಿ, ಗಿಲ್ಡ್ ಎಂಬ ಸಾಗಣೆದಾರರ ಸಂಘದ ಹಡಗಿಗೆ ಬಾಡಿಗೆ ತೆತ್ತೇ ಹೋಗಬೇಕು. ಆ ಪಡೆಯ ನೆರವಿನ ದಾಳಿ ಮುಗಿದ ಮೇಲೆ, ಅದರ ಬಿಲ್ಲು ತೆರಬೇಕಾದ ಬ್ಯಾರನ್ ಹಾರ್ಕೊನೆನ್ ಮೊದಲು ಮಾಡುವ ಕೆಲಸ, ಖರ್ಚು ಹುಟ್ಟಿಸಲು ಗ್ರಹವನ್ನು ಹಿಂಡು ಎಂದು ತಮ್ಮನ ಮಗನಿಗೆ ಅಪ್ಪಣೆ ಕೊಡುವುದು. ಮಗಳ ಮದುವೆ ಮುಗಿಸಿದ ಯಾವ ತಂದೆಗೂ ಬ್ಯಾರನ್ನನ ಸಂಕಟ ಅರ್ಥವಾದೀತು.

ಹೋಲಿಕೆಗೆ ನಮ್ಮದೊಂದು ಆಕರ, ಮಹಾಭಾರತ. ಅಕ್ಷೌಹಿಣಿಗೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಇಂಥವು ಹದಿನೆಂಟು. ಇವರೆಲ್ಲರಿಗೂ ಉಡುಪಿಯ ಅರಸ ಅಡುಗೆ ಮಾಡಿಸಿದನೆಂದೂ, ಕೃಷ್ಣ ರಾತ್ರಿ ತಿಂದ ಕಡಲೆಕಾಯಿಯ ಲೆಕ್ಕದ ಮೇಲೆ ಮರುದಿನ ಸಾಯುವವರನ್ನು ಕಳೆದು ಅಕ್ಕಿ ಅಳೆಸಿದನೆಂದೂ ಐತಿಹ್ಯ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಅದು ಇತ್ತ ಬಂದದ್ದು ಯುರೋಪಿನ ಹಡಗುಗಳು ಅತ್ತ ಹೋಗಿಬಂದ ಮೇಲೆ. ಆದ್ದರಿಂದ ಉಡುಪಿಯ ಸರಬರಾಜು ದೇಶವನ್ನಷ್ಟೇ ಅಲ್ಲ, ಕಾಲವನ್ನೂ ದಾಟಿತ್ತೆಂದು ಸಿದ್ಧವಾಗುತ್ತದೆ. ವೈಜ್ಞಾನಿಕ ಕಥೆಯವರು ಇನ್ನೂ ಅಲ್ಲಿಗೆ ತಲುಪಿಲ್ಲ.

ನಿಜದ ಅಂತರಿಕ್ಷದಲ್ಲಿ ಮಾತ್ರ ಊಟ ಮರೆತಿಲ್ಲ. 1984ರಲ್ಲಿ ರಾಕೇಶ್ ಶರ್ಮಾ ಸಲ್ಯೂತ್-7ಕ್ಕೆ ಹೋದಾಗ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ರವೆ ಹಲ್ವಾ, ತರಕಾರಿ ಪಲಾವು ಕಟ್ಟಿಕೊಟ್ಟಿತ್ತು. ಒಂದೇ ಎಲೆ, ಆದರೂ ಸಿಹಿ ಬಿಟ್ಟಿರಲಿಲ್ಲ.

ಕರಡನ್ನು ಭಟ್ಟರಿಗೆ ಓದಿ ಹೇಳಲಾಯಿತು. ಎಲೆಯಡಿಕೆ ಮೆಲ್ಲುತ್ತಾ ಕೇಳಿದರು. “ಸಾವಿರ ಎಲೆ ಏನು ಮಹಾ, ರಾಯರೇ? ವೈಶಾಖದಲ್ಲಿ ದಿನಕ್ಕೆರಡು ಮಾಡ್ತೇನೆ. ನೀರು ಎಲ್ಲಿಂದ, ಪಾತ್ರೆ ತೊಳೆಯೋರು ಯಾರು, ಅದು ಹೇಳಿ.” ಯಾವ ಗ್ರಂಥದಲ್ಲೂ ಇಲ್ಲ ಭಟ್ಟರೇ, ಎಂದದ್ದಕ್ಕೆ ಲಗ್ನಪತ್ರಿಕೆಯೊಂದರ ಬೆನ್ನಿಗೆ ಅಂದಾಜು ಬರೆದುಕೊಟ್ಟರು. ಅದನ್ನು ಇಲ್ಲಿ ಯಥಾವತ್ತಾಗಿ ಲಗತ್ತಿಸಿದೆ: ಅರ್ಧ ಹಣ ಮುಂಗಡ. ಬಾಳೆಎಲೆ, ಗ್ಯಾಸು ನಿಮ್ಮದು. ಬೇರೆ ಗ್ರಹವಾದರೆ ಲಾರಿ ಬಾಡಿಗೆ ಪ್ರತ್ಯೇಕ.